ಬ್ಯಾಂಕಿನ ನೋಟಿಸ್ ಮನೆಗೆ ಬಂದ ದಿನದಿಂದ

ಹನ್ನೊಂದು ವರ್ಷ ನಾನು ಒಂದು ಬ್ಯಾಂಕಿನ ವಸೂಲಿ ವಿಭಾಗದಲ್ಲಿದ್ದೆ. ಅದರಲ್ಲಿ ಆರು ವರ್ಷ ‘ಅಧಿಕೃತ ಅಧಿಕಾರಿ’. ಸಾಲ ಕಟ್ಟಲಾಗದವರ ಮನೆ, ಅಂಗಡಿ, ಗೋದಾಮುಗಳನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ನೋಟಿಸುಗಳ ಕೆಳಗೆ ಬೀಳುತ್ತಿದ್ದದ್ದು ನನ್ನ ಸಹಿ. ಗೋಂದಿನ ಡಬ್ಬಿ ಹಿಡಿದುಕೊಂಡು ಹೋಗಿ ಬಾಗಿಲಿಗೆ ಅಂಟಿಸಿ ಬಂದದ್ದೂ ಉಂಟು. ನಿವೃತ್ತಿಯಾದ ಮೇಲೆ ಅದೇ ತರಹದ ನೋಟಿಸ್ ಹಿಡಿದುಕೊಂಡು ಜನ ನಮ್ಮ ಮನೆಗೆ ಬರುತ್ತಾರೆ. ‘ಮೇಡಂ, ಮನೆ ಸೀಜ್ ಮಾಡ್ತಾರಂತೆ, ಏನ್ ಮಾಡೋದು?’ ಅವರಿಗೆ ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಬ್ಬರನ್ನು ನಾನು ಮರೆತಿಲ್ಲ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರು. ನಾವು ಕಳಿಸಿದ ಮೂರು ರಿಜಿಸ್ಟರ್ಡ್ ಕವರುಗಳನ್ನೂ ಒಡೆಯದೆ ದೇವರ ಫೋಟೊ ಹಿಂದೆ ಇಟ್ಟಿದ್ದರು. ಹರಾಜು ಮುಗಿದು, ಕೊಂಡವರು ಕಾಲು ಭಾಗ ಹಣ ಕಟ್ಟಿ ಆದಮೇಲೆ, ಮೂರನೇ ದಿನ ಭಾವಮೈದುನನ ಜೊತೆ ಬ್ಯಾಂಕಿಗೆ ಬಂದರು. ಕೈಯಲ್ಲಿ ಪೂರ್ತಿ ಬಾಕಿಯ ಡಿಡಿ ಇತ್ತು. ತೆಗೆದುಕೊಳ್ಳಲು ನನಗೆ ಅಧಿಕಾರ ಇರಲಿಲ್ಲ. ಹಣ ಹೊಂದಿತ್ತು, ದಿನ ತಪ್ಪಿತ್ತು. ಆಮೇಲೆ ನಾನು ನೋಡಿದ ಎಷ್ಟೋ ಮನೆಗಳು ಕೈಬಿಟ್ಟದ್ದು ಹೀಗೆ ದಿನ ತಪ್ಪಿಯೇ.

ಆದ್ದರಿಂದ ಮೊದಲ ಕೆಲಸ ಇಷ್ಟು: ಕವರ್ ಒಡೆಯಿರಿ. ಬಂದ ದಿನಾಂಕವನ್ನು ಕವರಿನ ಮೇಲೆ ಪೆನ್ನಿನಲ್ಲಿ ಬರೆಯಿರಿ. ಕವರನ್ನು ಎಸೆಯಬೇಡಿ, ಅಂಚೆ ಮುದ್ರೆ ಅದರ ಮೇಲೇ ಇರುತ್ತದೆ. ಪೋಸ್ಟ್‌ಮ್ಯಾನ್ ಬಂದಾಗ ‘ಮನೇಲಿಲ್ಲ’ ಎಂದು ವಾಪಸ್ ಕಳಿಸಿದರೆ ಏನೂ ಉಳಿಯುವುದಿಲ್ಲ. ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ಕಂಡರೆ ಬ್ಯಾಂಕು ಬಾಗಿಲಿಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸಿದರೆ ಸಾಕು, ನೋಟಿಸ್ ಜಾರಿಯಾದ ಹಾಗೇ. ಬೀದಿಗೆಲ್ಲ ಗೊತ್ತಾಗುವುದೊಂದೇ ಅದರಿಂದ ಆಗುವ ಹೆಚ್ಚಿನ ಕೆಲಸ.

ಇದು ಸರ್ಫೇಸಿ ನೋಟಿಸೇ?

ಸಾಲ ಕೊಟ್ಟ ಎಲ್ಲರೂ ಮನೆಗೆ ಬೀಗ ಹಾಕಲಾಗುವುದಿಲ್ಲ. ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಧಿಕಾರ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಬ್ಯಾಂಕುಗಳಿಗೆ ಅದು ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಎನ್‌ಬಿಎಫ್‌ಸಿಗಳ, ಅಂದರೆ ಬ್ಯಾಂಕಲ್ಲದ ಸಾಲ ಕಂಪನಿಗಳ ಪೈಕಿ 100 ಕೋಟಿ ಮತ್ತು ಅದಕ್ಕೂ ಹೆಚ್ಚು ಆಸ್ತಿಯಿರುವ ಕಂಪನಿ, 20 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟ ಸಾಲಕ್ಕೆ ಇದನ್ನು ಬಳಸಬಹುದು. 2021ರವರೆಗೆ ಆ ಮಿತಿ 50 ಲಕ್ಷ ಇತ್ತು. ಹಳೇ ಅಂಕಿ ನಂಬಿಕೊಂಡು ‘ನಮಗೆ ಅನ್ವಯಿಸಲ್ಲ’ ಎಂದು ಕೂತವರನ್ನು ಕಂಡಿದ್ದೇನೆ. ಊರಿನ ಪತ್ತಿನ ಸಹಕಾರ ಸಂಘದ ದಾರಿ ಬೇರೆ. ಅವರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನ ಅಡಿಯಲ್ಲಿ ದಾವೆ ಹೂಡಬೇಕು. ಕೈಸಾಲ, ಬಡ್ಡಿ ಸಾಲ ಕೊಟ್ಟವರಿಗಂತೂ ನಿಮ್ಮ ಹೊಸಿಲು ದಾಟುವ ಹಕ್ಕೇ ಇಲ್ಲ. ಅವರು ಬಂದು ಬೀಗ ಹಾಕಿದರೆ ಪೊಲೀಸ್ ಠಾಣೆಗೆ ಹೋಗಿ.

ಕೃಷಿ ಜಮೀನಿನ ಮೇಲಿನ ಅಡಮಾನಕ್ಕೂ ಈ ಕಾಯ್ದೆ ನಡೆಯುವುದಿಲ್ಲ. ಆದರೆ ಪಹಣಿಯಲ್ಲಿ ಜಮೀನು ಎಂದಿರುವುದಷ್ಟೇ ಸಾಲದು. ಅಲ್ಲಿ ನಿಜಕ್ಕೂ ಬೆಳೆ ತೆಗೆಯುತ್ತಿದ್ದೀರಿ ಎಂದು ನೀವೇ ತೋರಿಸಬೇಕು. ಬೆಳೆ ಕಾಲಂ ತುಂಬಿರುವ ಪಹಣಿಗಳು, ಮಂಡಿಯ ಪಟ್ಟಿ, ಗೊಬ್ಬರದ ರಸೀದಿ ಎಲ್ಲ ಎತ್ತಿಡಿ. ಭೂಪರಿವರ್ತನೆ ಮಾಡಿಸಿ ಲೇಔಟ್ ಮಾಡಿದ ಜಾಗಕ್ಕೆ ಈ ರಕ್ಷಣೆ ಕೇಳಬೇಡಿ. ಇನ್ನೊಂದು ವಿನಾಯಿತಿ ಬಹಳ ಜನಕ್ಕೆ ಗೊತ್ತಿಲ್ಲ: ಬಾಕಿ ಉಳಿದಿರುವುದು ಅಸಲು, ಬಡ್ಡಿ ಸೇರಿದ ಮೊತ್ತದ ಶೇ. 20ಕ್ಕಿಂತ ಕಡಿಮೆಯಿದ್ದರೆ ಸರ್ಫೇಸಿ ಬಳಸುವಂತಿಲ್ಲ. ಹದಿನೈದು ವರ್ಷ ಕಂತು ಕಟ್ಟಿ ಕೊನೆಯಲ್ಲಿ ಎಡವಿದವರು ಇದನ್ನು ಮೊದಲು ಲೆಕ್ಕ ಹಾಕಬೇಕು.

ಅರವತ್ತು ದಿನ

ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಖಾತೆ, ಆಗುತ್ತದೆ. ಅದಾದ ಮೇಲೆ ಬರುವುದು ಸರ್ಫೇಸಿ ಕಾಯ್ದೆಯ 13(2) ಕಲಮಿನ ನೋಟಿಸ್. ಬ್ಯಾಂಕಿನೊಳಗೆ ನಾವು ಅದನ್ನು ‘ತರ್ಟೀನ್ ಟೂ’ ಅನ್ನುತ್ತಿದ್ದೆವು. ಪೂರ್ತಿ ಸಾಲವನ್ನು 60 ದಿನದೊಳಗೆ ತೀರಿಸಿ ಎನ್ನುವುದು ಅದರ ಸಾರ. ನೋಟಿಸಿನ ಮೇಲಿರುವ ದಿನಾಂಕದಿಂದಲೇ ಎಣಿಸಿ. ಕೈಗೆ ಸಿಕ್ಕ ದಿನದಿಂದ ಎಣಿಸಿದರೆ ವಾದಕ್ಕೆ ಬೀಳುತ್ತೀರಿ. ಗೋಡೆಯ ಕ್ಯಾಲೆಂಡರಿನಲ್ಲಿ ಅರವತ್ತನೇ ದಿನಕ್ಕೆ ಕೆಂಪು ಗುರುತು ಹಾಕಿ.

ನೋಟಿಸಿನ ಮೊತ್ತ ನೋಡಿಯೇ ಜನ ಕುಸಿಯುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಬ್ಬರು 25 ಲಕ್ಷ ಗೃಹಸಾಲ ತೆಗೆದು ತಿಂಗಳಿಗೆ 23,000 ಕಂತು ಕಟ್ಟುತ್ತಿದ್ದರು ಎಂದಿಟ್ಟುಕೊಳ್ಳಿ. ನಾಲ್ಕು ಕಂತು ತಪ್ಪಿತು. ನೋಟಿಸ್ ಕೇಳುವುದು ಇಡೀ 23.60 ಲಕ್ಷ. ಆದರೆ ಖಾತೆಯನ್ನು ಎನ್‌ಪಿಎಯಿಂದ ಹೊರಗೆ ತರಲು ಬೇಕಾಗಿರುವುದು ತಪ್ಪಿದ ಕಂತುಗಳು, ಅಂದರೆ 92,000 ರೂಪಾಯಿ, ಅದರ ಮೇಲೆ ದಂಡದ ಶುಲ್ಕ, ನೋಟಿಸಿನ ಖರ್ಚು. ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಹಳೇ ಬಾಕಿ ಪೂರ್ತಿ, ಅಸಲೂ ಬಡ್ಡಿಯೂ, ಬಂದರೆ ಖಾತೆಯನ್ನು ಸರಿಯಾದ ಖಾತೆ ಎಂದು ಮತ್ತೆ ಗುರುತಿಸಬಹುದು. ಬಾಕಿ ‘ಪೂರ್ತಿ’ ಅನ್ನುವುದನ್ನು ಗಮನಿಸಿ. ಒಂದು ಕಂತು, ಅರ್ಧ ಕಂತು ಕಟ್ಟಿ ‘ದುಡ್ಡು ಹಾಕಿದೀನಲ್ಲ’ ಎಂದು ಸಮಾಧಾನಪಟ್ಟುಕೊಂಡವರ ಖಾತೆ ಎನ್‌ಪಿಎಯಲ್ಲೇ ಇರುತ್ತದೆ, ಅರವತ್ತು ದಿನವೂ ಓಡುತ್ತಿರುತ್ತದೆ. ಅಷ್ಟಿಷ್ಟು ಸಿಕ್ಕಿದ್ದನ್ನು ಆಗಾಗ ಹಾಕುವ ಬದಲು ಎಲ್ಲ ಸೇರಿಸಿ ಒಮ್ಮೆಗೇ ಬಾಕಿ ಮುಗಿಸಿ. ಕಟ್ಟುವ ಮೊದಲು ಮ್ಯಾನೇಜರಿಂದ ಎರಡು ಸಾಲಿನ ಪತ್ರ ಕೇಳಿ: ಇಷ್ಟು ಕಟ್ಟಿದರೆ ಖಾತೆ ಕ್ರಮಬದ್ಧವಾಗುತ್ತದೆ, ನೋಟಿಸ್ ಮುಂದುವರಿಸುವುದಿಲ್ಲ. ಬಾಯಿಮಾತಿನ ಒಪ್ಪಿಗೆಗೆ ಆ ಮ್ಯಾನೇಜರ್ ವರ್ಗವಾದ ದಿನವೇ ಬೆಲೆ ಹೋಗುತ್ತದೆ.

ಒಡವೆ ಅಡ ಇಡಬೇಕೋ, ಬೈಕು ಮಾರಬೇಕೋ, ಅಣ್ಣತಮ್ಮಂದಿರ ಹತ್ತಿರ ಕೇಳಬೇಕೋ, ಅದೆಲ್ಲ ಈ ಅರವತ್ತು ದಿನದಲ್ಲಿ ಆಗಬೇಕು. ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಗಂಡಸರು ಹೆಂಡತಿಗೆ ನೋಟಿಸಿನ ವಿಷಯ ಹೇಳಿಯೇ ಇರಲಿಲ್ಲ. ದಯವಿಟ್ಟು ಹೇಳಿ. ಎಷ್ಟೋ ಸಲ ಮನೆ ಉಳಿಸುವ ಉಪಾಯ ಅವರ ಹತ್ತಿರವೇ ಇರುತ್ತದೆ. ಜಾಮೀನು ಹಾಕಿದವರಿಗೂ ತಿಳಿಸಿ. ಅವರಿಗೂ ನೋಟಿಸ್ ಹೋಗಿರುತ್ತದೆ, ಮುಖ ತಪ್ಪಿಸಿಕೊಂಡು ಓಡಾಡಿದರೆ ನಂಟೂ ಹೋಗುತ್ತದೆ.

ಹಣ ಹೊಂದುವುದಿಲ್ಲ ಎಂದಾದರೂ ನೋಟಿಸಿಗೆ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕು. ಅದು ನಿಮ್ಮ ಹಕ್ಕು. ಉತ್ತರ ಬಂದ 15 ದಿನದೊಳಗೆ ಬ್ಯಾಂಕು ಕಾರಣ ಸಹಿತ ಮರುಉತ್ತರ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಕೊಡದೆ ಮುಂದುವರಿದರೆ ನಾಳೆ ನ್ಯಾಯಮಂಡಳಿಯಲ್ಲಿ ಅದೇ ನಿಮ್ಮ ಮೊದಲ ಅಂಶ. ನನ್ನ ಅನುಭವದ ಮಾತು ಹೇಳುತ್ತೇನೆ: ಹತ್ತು ನೋಟಿಸಿಗೆ ಒಂದು ಉತ್ತರವೂ ಬರುತ್ತಿರಲಿಲ್ಲ. ಬಂದ ಕಡೆ ಮಾತ್ರ ನಾವು ಕಡತ ತೆಗೆದು ಲೆಕ್ಕ ಮತ್ತೆ ನೋಡುತ್ತಿದ್ದೆವು. ಒಮ್ಮೆ ಹಾಗೆ ನೋಡುವಾಗ ಮೂರು ಕಂತು ಬೇರೆ ಖಾತೆಗೆ ಜಮೆಯಾದದ್ದು ಸಿಕ್ಕಿತು. ತಪ್ಪು ಬ್ಯಾಂಕಿನದೇ. ನೋಟಿಸ್ ವಾಪಸ್ ತೆಗೆದುಕೊಂಡೆವು. ಆ ಮನುಷ್ಯ ಅರ್ಧ ಪುಟ ಬರೆಯದೆ ಇದ್ದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಉತ್ತರಕ್ಕೆ ವಕೀಲರ ಭಾಷೆ ಬೇಡ. ಸಾಲದ ಖಾತೆ ಸಂಖ್ಯೆ, ನೋಟಿಸಿನ ದಿನಾಂಕ ಬರೆಯಿರಿ. ಕಂತು ಯಾಕೆ ತಪ್ಪಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಸ್ಪತ್ರೆ ಚೀಟಿ, ಕೆಲಸ ಹೋದ ಪತ್ರ ಇದ್ದರೆ ನಕಲು ಲಗತ್ತಿಸಿ. ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ. ದಂಡವನ್ನು ಹೇಗೆ ಲೆಕ್ಕ ಹಾಕಿದ್ದಾರೆಂದು ವಿವರ ಕೇಳಿ. ರಿಸರ್ವ್ ಬ್ಯಾಂಕಿನ 2023ರ ಆದೇಶದ ಪ್ರಕಾರ ದಂಡವನ್ನು ಬಡ್ಡಿಯಾಗಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವಂತಿಲ್ಲ. ಕೊನೆಗೆ ನಿಮ್ಮ ಕೈಲಿ ಆಗುವ ಪ್ರಸ್ತಾಪ ಬರೆಯಿರಿ, ತಾರೀಖು ಸಮೇತ: ಇಂಥ ದಿನ ಇಷ್ಟು, ಇಂಥ ದಿನ ಉಳಿದದ್ದು. ಆಗದ ಮಾತು ಬರೆಯಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇನ್ನೊಂದು ಪ್ರತಿಯನ್ನು ಶಾಖೆಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಈ ಹಂತದಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಹೋಗಲಾಗುವುದಿಲ್ಲ. ಬರಿಯ 13(2) ನೋಟಿಸಿನ ಮೇಲೆ ‘ಸ್ಟೇ ತಂದುಕೊಡ್ತೇನೆ’ ಎಂದು ಹಣ ಕೇಳುವವರಿಂದ ದೂರ ಇರಿ. ಆ ಹಣ ಒಂದು ಕಂತಿಗೆ ಆಗುತ್ತದೆ.

ಮಾರುವುದಾದರೆ ಈಗಲೇ

ಹೇಳಲು ಕಷ್ಟವಾದರೂ ಹೇಳಲೇಬೇಕು. ಆದಾಯ ಮರಳಿ ಬರುವ ದಾರಿ ಕಾಣದಿದ್ದರೆ ಆಸ್ತಿಯನ್ನು ನೀವೇ ಮಾರಿ. ಹರಾಜಿನಲ್ಲಿ ಕೊಳ್ಳುವವರು ಸ್ವಾಧೀನದ ತಕರಾರು, ಕೋರ್ಟಿನ ಭಯ ಎಲ್ಲ ಲೆಕ್ಕ ಹಾಕಿಯೇ ಬೆಲೆ ಕೂಗುತ್ತಾರೆ. ನೆಮ್ಮದಿಯಿಂದ ಮಾರಿದರೆ ಸಿಗುವ ಬೆಲೆ ಅಲ್ಲಿ ಸಿಕ್ಕಿದ್ದನ್ನು ನಾನು ಕಂಡದ್ದು ಅಪರೂಪ. ಆದರೆ ನೋಟಿಸ್ ಬಂದಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವುದು, ಬಾಡಿಗೆಗೆ ಬರೆದುಕೊಡುವುದು ಕಾಯ್ದೆಗೆ ವಿರುದ್ಧ. ಆದ್ದರಿಂದ ಕೊಳ್ಳುವವರನ್ನು ಕರೆದುಕೊಂಡೇ ಬ್ಯಾಂಕಿಗೆ ಹೋಗಿ. ಇಷ್ಟು ಹಣ ನೇರ ಸಾಲದ ಖಾತೆಗೆ ಬಂದರೆ ಮೂಲಪತ್ರ ಬಿಡುತ್ತೇವೆ ಎಂದು ಬ್ಯಾಂಕಿನಿಂದ ಪತ್ರ ಪಡೆಯಿರಿ. ಉಳಿದ ಹಣ ನಿಮ್ಮ ಖಾತೆಗೆ. ಅಧಿಕಾರಿಯಾಗಿದ್ದಾಗ ಇಂಥ ಪ್ರಸ್ತಾಪ ಬಂದರೆ ನನಗೆ ಸಂತೋಷವೇ ಆಗುತ್ತಿತ್ತು. ಬ್ಯಾಂಕಿಗೆ ಮನೆ ಬೇಕಿಲ್ಲ, ಬಾಕಿ ಬೇಕು.

ಓಟಿಎಸ್ ಅಂದರೆ ಒಂದೇ ಗಂಟಿನಲ್ಲಿ ತೀರುವಳಿ. ಅದನ್ನು ಕೇಳಬಹುದು, ಹಕ್ಕೆಂದು ಒತ್ತಾಯಿಸಲಾಗುವುದಿಲ್ಲ. ಸುಪ್ರೀಂ ಕೋರ್ಟ್ 2021ರಲ್ಲಿ ಹಾಗೆಂದೇ ತೀರ್ಪು ಕೊಟ್ಟಿದೆ. ಒಪ್ಪಿಕೊಂಡರೆ ಕೊನೆಯ ತಾರೀಖನ್ನು ಒಂದು ದಿನವೂ ದಾಟಬೇಡಿ, ದಾಟಿದರೆ ರಿಯಾಯಿತಿ ರದ್ದಾಗಿ ಹಳೇ ಬಾಕಿ ಪೂರ್ತಿ ಮೇಲೆ ಬರುತ್ತದೆ. ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಇತಿಹಾಸದ ದಾಖಲೆಯಲ್ಲಿ, ‘ಸೆಟಲ್ಡ್’ ಎಂದು ಬರುವುದನ್ನೂ ತಿಳಿದುಕೊಂಡೇ ಒಪ್ಪಿ. ಮುಂದೆ ಬೇರೆ ಸಾಲಕ್ಕೆ ಅದು ಅಡ್ಡ ಬರಬಹುದು.

ಬಾಗಿಲಿಗೆ ಅಂಟಿಸಿದ ಮೇಲೆ

ಅರವತ್ತು ದಿನ ಕಳೆದರೆ ಬರುವುದು 13(4)ರ ಸ್ವಾಧೀನ ನೋಟಿಸ್. ಸಾಮಾನ್ಯವಾಗಿ ಮೊದಲು ಸಾಂಕೇತಿಕ ಸ್ವಾಧೀನ. ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ, ಬಾಗಿಲಿಗೆ ಕಾಗದ ಅಂಟಿಸುತ್ತಾರೆ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಅಂಟಿಸಿದ್ದನ್ನು ಹರಿಯಬೇಡಿ, ಫೋಟೊ ತೆಗೆದುಕೊಳ್ಳಿ. ಪತ್ರಿಕೆಯ ಪುಟ ಎತ್ತಿಡಿ. ಆಸ್ತಿಯ ಚೆಕ್ಕುಬಂದಿ, ಅಳತೆ, ಮೊತ್ತ ಎಲ್ಲ ಸರಿಯಿದೆಯೇ ಎಂದು ಕ್ರಯಪತ್ರದ ಪಕ್ಕ ಇಟ್ಟು ಓದಿ.

ಇಲ್ಲಿಂದ ಎರಡನೇ ಎಣಿಕೆ: 45 ದಿನ. ಅದರೊಳಗೆ 17ನೇ ಕಲಮಿನ ಅಡಿಯಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆಸ್ತಿ ಕರ್ನಾಟಕದಲ್ಲಿದ್ದರೆ ಬೆಂಗಳೂರಿನ ಡಿಆರ್‌ಟಿ. 2004ಕ್ಕೆ ಮೊದಲು ಇಲ್ಲಿ ಕೇಳಿಸಿಕೊಳ್ಳಬೇಕಾದರೇ ಬಾಕಿಯ ಶೇ. 75 ಠೇವಣಿ ಇಡಬೇಕಿತ್ತು. ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಈಗ ಶುಲ್ಕ ಮಾತ್ರ: 10 ಲಕ್ಷಕ್ಕಿಂತ ಕಡಿಮೆ ಬಾಕಿಗೆ ಲಕ್ಷಕ್ಕೆ 500 ರೂಪಾಯಿ; ಅದರ ಮೇಲೆ 5,000ದ ಜೊತೆ ಹೆಚ್ಚುವರಿ ಪ್ರತಿ ಲಕ್ಷಕ್ಕೆ 250. ತಡೆಯಾಜ್ಞೆ ಕೇಳಿದರೆ ಮಂಡಳಿ ಬಾಕಿಯ ಒಂದಿಷ್ಟು ಕಟ್ಟಿ ಎನ್ನುವುದೇ ಹೆಚ್ಚು, ಅದಕ್ಕೆ ಹಣ ಸಿದ್ಧ ಇಟ್ಟುಕೊಂಡೇ ಹೋಗಿ. ಅಲ್ಲಿ ಸೋತರೆ 30 ದಿನದೊಳಗೆ ಚೆನ್ನೈಯ ಮೇಲ್ಮನವಿ ಮಂಡಳಿ. ಅಲ್ಲಿ ಬಾಕಿಯ ಅರ್ಧ ಠೇವಣಿ ಬೇಕು. ಇಳಿಸಿದರೂ ಕಾಲು ಭಾಗಕ್ಕಿಂತ ಕಡಿಮೆ ಇಲ್ಲ. ನೇರ ಹೈಕೋರ್ಟಿಗೆ ರಿಟ್ ಹಾಕುತ್ತೇನೆ ಎನ್ನುವವರಿಗೆ, ಡಿಆರ್‌ಟಿ ಇರುವಾಗ ಹೈಕೋರ್ಟುಗಳು ಮಧ್ಯೆ ಬರಬಾರದೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದ್ದು ನೆನಪಿರಲಿ. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಮನೆ ಹೆಂಡತಿಯ ಹೆಸರಿನಲ್ಲೋ ಜಂಟಿಯಾಗಿಯೋ ಇದ್ದರೆ ಅರ್ಜಿ ಅವರ ಹೆಸರಿನಲ್ಲೇ ಹೋಗಲಿ.

ವಸೂಲಿ ಏಜೆಂಟರು ಫೋನ್ ಮಾಡುವುದು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಮಾತ್ರ. ಅಕ್ಕಪಕ್ಕದವರ ಮುಂದೆ ಮಾನ ಕಳೆಯುವುದು, ಮಕ್ಕಳಿಗೆ ಫೋನ್ ಮಾಡುವುದು ಕಂಡರೆ ದಿನ, ವೇಳೆ, ನಂಬರು ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಇದರಿಂದ ಹರಾಜು ನಿಲ್ಲುವುದಿಲ್ಲ, ಕಿರುಕುಳ ನಿಲ್ಲುತ್ತದೆ.

ಬೀಗ ಬೀಳುವ ದಿನ

ನೀವು ಮನೆಯೊಳಗಿದ್ದು ಬಿಟ್ಟುಕೊಡದಿದ್ದರೆ ಬ್ಯಾಂಕು 14ನೇ ಕಲಮಿನ ಅಡಿಯಲ್ಲಿ ಜಿಲ್ಲಾಧಿಕಾರಿಗೋ ಮ್ಯಾಜಿಸ್ಟ್ರೇಟರಿಗೋ ಅರ್ಜಿ ಹಾಕುತ್ತದೆ. ಕಾಯ್ದೆಯ ಪ್ರಕಾರ 30 ದಿನದೊಳಗೆ, ಹೆಚ್ಚೆಂದರೆ 60 ದಿನದೊಳಗೆ ಆದೇಶ. ನಂತರ ಕಂದಾಯ ಅಧಿಕಾರಿಯೋ, ಕೋರ್ಟ್ ನೇಮಿಸಿದ ವಕೀಲ ಕಮಿಷನರೋ ಪೊಲೀಸರ ಜೊತೆ ಬರುತ್ತಾರೆ.

ಅಂಥ ಒಂದು ಬೆಳಿಗ್ಗೆ ನಾನು ಹೋದ ಮನೆಯಲ್ಲಿ ಅಜ್ಜಿಯ ಇನ್ಸುಲಿನ್ ಫ್ರಿಡ್ಜಿನಲ್ಲೇ ಉಳಿದಿತ್ತು. ಬೀಗ ಹಾಕಿ ಸೀಲ್ ಮಾಡಿ ಕಾರು ಹತ್ತಿದ ಮೇಲೆ ಗೊತ್ತಾಯಿತು. ಸೀಲ್ ಒಡೆಯಲು ಮತ್ತೆ ಪಂಚರು ಬೇಕು, ಮಹಜರು ಬೇಕು. ಮಧ್ಯಾಹ್ನದವರೆಗೆ ಆ ಅಜ್ಜಿ ಎದುರು ಮನೆಯ ಜಗಲಿ ಮೇಲೆ ಕೂತಿದ್ದರು. ಅವತ್ತಿನಿಂದ ಪ್ರತಿ ಮನೆಯಲ್ಲೂ ನಾನು ಮೊದಲು ಕೇಳುತ್ತಿದ್ದದ್ದು ಔಷಧಿಯನ್ನೇ. ಎಲ್ಲ ಅಧಿಕಾರಿಗಳೂ ಕೇಳುತ್ತಾರೆಂದು ನಂಬಿ ಕೂರಬೇಡಿ. ಆದೇಶ ಆಗಿದೆ ಎಂದು ತಿಳಿದ ದಿನವೇ ಔಷಧಿ, ಮಕ್ಕಳ ಮಾರ್ಕ್ಸ್‌ಕಾರ್ಡು, ಆಧಾರ್, ರೇಷನ್ ಕಾರ್ಡು, ಒಡವೆ, ದೇವರ ಸಾಮಾನು ಬೇರೆ ಮನೆಗೆ ಸಾಗಿಸಿ. ಮಕ್ಕಳ ಪರೀಕ್ಷೆ, ಬಾಣಂತನ, ಹಾಸಿಗೆ ಹಿಡಿದವರು ಇದ್ದರೆ ಇಂಥ ತಾರೀಖಿಗೆ ನಾವೇ ಕೀ ಕೊಡುತ್ತೇವೆ ಎಂದು ಬರೆದುಕೊಟ್ಟು ಸಮಯ ಕೇಳಿ. ನಾನು ಹದಿನೈದು ದಿನ, ತಿಂಗಳು ಕೊಟ್ಟದ್ದಿದೆ. ಬೀಗ ಬಿದ್ದೇ ಬಿಟ್ಟರೆ ಒಳಗಿನ ಸಾಮಾನಿನ ಪಟ್ಟಿಯನ್ನು ನಿಮ್ಮ ಎದುರೇ ಬರೆಸಿ, ಪ್ರತಿ ಪಡೆಯದೆ ಸಹಿ ಹಾಕಬೇಡಿ.

ಹರಾಜಿನ ನೋಟಿಸ್

ಮೂರನೇ ಎಣಿಕೆ ಇಲ್ಲಿದೆ, ಗಿರಣಿಯವರು ತಪ್ಪಿದ್ದೂ ಇಲ್ಲೇ. ಮೊದಲ ಹರಾಜಿಗೆ 30 ದಿನ ಮುಂಚೆ ನಿಮಗೆ ನೋಟಿಸ್ ಬರಬೇಕು, ಪತ್ರಿಕೆಯಲ್ಲೂ ಪ್ರಕಟಣೆ ಆಗಬೇಕು. ‘ಹರಾಜಿನ ದಿನದವರೆಗೂ ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದು’ ಎಂದು ಊರಲ್ಲೆಲ್ಲ ಹೇಳುತ್ತಾರೆ. ಅದು ಹಳೇ ಕಾನೂನು. 2016ರ ತಿದ್ದುಪಡಿಯಾದ ಮೇಲೆ, ಹರಾಜಿನ ಪ್ರಕಟಣೆ ಹೊರಡುವುದರೊಳಗೆ ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿದರೆ ಮಾತ್ರ ಬಿಡಿಸಿಕೊಳ್ಳುವ ಹಕ್ಕು. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಪ್ರಕಟಣೆಯ ನಂತರವೂ ಬ್ಯಾಂಕು ಒಪ್ಪಬಹುದು. ಅದು ಅವರ ಇಷ್ಟ, ನಿಮ್ಮ ಹಕ್ಕಲ್ಲ.

ಹರಾಜು ತಪ್ಪುವುದಿಲ್ಲ ಎಂದಾದರೆ ಮೂಲಬೆಲೆಯ ಮೇಲೆ ಕಣ್ಣಿಡಿ. ಮಾನ್ಯತೆ ಪಡೆದ ಮೌಲ್ಯಮಾಪಕರ ವರದಿ ಪಡೆದೇ ಅದನ್ನು ಗೊತ್ತು ಮಾಡಬೇಕು. ವರದಿಯ ಪ್ರತಿ ಕೇಳಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ರಸ್ತೆಯ ಮಾರ್ಗಸೂಚಿ ಬೆಲೆ ನೋಡಿ, ಪಕ್ಕದ ಸೈಟು ಇತ್ತೀಚೆಗೆ ಎಷ್ಟಕ್ಕೆ ಹೋಯಿತೆಂದು ವಿಚಾರಿಸಿ, ತೀರಾ ಕಡಿಮೆ ಇದ್ದರೆ ಕೂಡಲೇ ಲಿಖಿತ ಆಕ್ಷೇಪಣೆ ಕೊಡಿ. ಯಾರೂ ಕೊಳ್ಳದಿದ್ದರೆ ಎರಡನೇ ಹರಾಜಿಗೆ 15 ದಿನದ ನೋಟಿಸ್ ಸಾಕು, ಮೂಲಬೆಲೆ ಅಷ್ಟರಲ್ಲಿ ಇಳಿದಿರುತ್ತದೆ. ಹರಾಜಾದ ಮೇಲೆ ಲೆಕ್ಕ ಕೇಳುವುದನ್ನು ಬಿಡಬೇಡಿ. ಬಾಕಿ, ಖರ್ಚು ಕಳೆದು ಉಳಿದದ್ದು ನಿಮ್ಮದು. ಮನೆ ಹೋದ ದುಃಖದಲ್ಲಿ ಅದನ್ನು ಕೇಳಲು ಬಾರದವರು ಎಷ್ಟೋ ಜನ. ಒಬ್ಬ ವಿಧವೆಗೆ ಮೂರು ಲಕ್ಷದ ಮೇಲೆ ಬರಬೇಕಿತ್ತು, ಎಂಟು ತಿಂಗಳ ಮೇಲೆ ಕಡತ ನೋಡುವಾಗ ನನಗೇ ಕಂಡು ಫೋನ್ ಮಾಡಿ ಕರೆಸಿದೆ. ಹರಾಜಿನ ಹಣ ಸಾಲದಿದ್ದರೆ ಉಳಿದದ್ದಕ್ಕೆ ಬ್ಯಾಂಕು ನಿಮ್ಮನ್ನೂ ಜಾಮೀನುದಾರರನ್ನೂ ಮತ್ತೆ ಕೇಳಬಹುದು.

ಇಷ್ಟರ ಮಧ್ಯೆ ಸಾಲ ತೀರಿಸಿ ಮನೆ ಉಳಿಸಿಕೊಂಡವರು ಶಾಖೆಯಿಂದ ಬರಿಗೈಲಿ ಬರಬಾರದು. ‘ಬಾಕಿ ಇಲ್ಲ’ ಎನ್ನುವ ಪತ್ರ ಅಂದೇ ಪಡೆಯಿರಿ. ಮೂಲ ಕ್ರಯಪತ್ರ, ಖಾತಾ, ಹಳೇ ಪತ್ರಗಳು ಎಲ್ಲವನ್ನೂ ಸಾಲ ತೀರಿದ 30 ದಿನದೊಳಗೆ ಬ್ಯಾಂಕು ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ನೋಂದಾಯಿಸಿದ್ದರೆ ಬಿಡುಗಡೆಯನ್ನೂ ನೋಂದಾಯಿಸಿ, ತಿಂಗಳ ನಂತರ ಹೊಸ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಸಾಲ ತೆಗೆಯುವಾಗ ಬ್ಯಾಂಕಿಗೆ ಕೊಟ್ಟ ಪತ್ರಗಳ ಪಟ್ಟಿ ನಿಮ್ಮ ಹತ್ತಿರ ಇದ್ದರೆ ಅದನ್ನು ಹಿಡಿದು, ಒಂದೊಂದಾಗಿ ಹಾಳೆ ಎಣಿಸಿಯೇ ಸಹಿ ಹಾಕಿ.